ಬುತ್ತಿ ಬಿಚ್ಚದ ಹುಡುಗ ಮೈಗಳ್ಳನಲ್ಲ

ಗದಗ, ಹಾವೇರಿ ಕಡೆಯಿಂದ ಧಾರವಾಡದ ಸಪ್ತಾಪುರಕ್ಕೆ ಕೋಚಿಂಗಿಗೆ ಬಂದ ಹುಡುಗ ಆರೇಳು ತಿಂಗಳಲ್ಲಿ ಮಂಕಾದರೆ ಊರಿನವರು ಅನ್ನುವುದು ಒಂದೇ ಮಾತು: "ಸೊಕ್ಕು ಬಂದೈತಿ, ಮೈಗಳ್ಳ ಆಗ್ಯಾನ." ಖಿನ್ನತೆ ಅನ್ನುವ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ಸಿಗದೆ ಹೋಗುವುದು ಈ ಮಾತಿನಿಂದಲೇ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಅದು ಅರ್ಧ ನಿಜ. 1956ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್, ಸ್ಟೆಲಾ ಚೆಸ್ ಎಂಬ ಮನೋವೈದ್ಯ ದಂಪತಿ 130ಕ್ಕೂ ಹೆಚ್ಚು ಕೂಸುಗಳನ್ನು ದೊಡ್ಡವರಾಗುವ ತನಕ ಗಮನಿಸತೊಡಗಿದರು. ಒಂದು ಕೂಸು ಯಾರು ಎತ್ತಿಕೊಂಡರೂ ನಗುತ್ತದೆ, ಇನ್ನೊಂದು ಹೊಸ ಮುಖ ಕಂಡರೆ ಅವ್ವನ ಸೆರಗು ಬಿಡುವುದಿಲ್ಲ. ಎರಡೂ ಕಾಯಿಲೆಯಲ್ಲ. ಕೂಸಿನ ಸ್ವಭಾವಕ್ಕೂ ಮನೆಯವರು ಬಯಸುವುದಕ್ಕೂ ಹೊಂದದೆ ತಿಕ್ಕಾಟ ಬೆಳೆದಲ್ಲಿ ತೊಂದರೆ ಹೆಚ್ಚಿತು ಅನ್ನುವುದು ಅವರ ತೀರ್ಮಾನ.

ಸಂಬಂಧ ನೋಡುವಾಗ "ಅವರ ಮನಿತನದಾಗ ಹುಚ್ಚು ಐತಿ" ಎಂದು ಎದ್ದು ಬರುವವರಿಗೂ ಒಂದು ಲೆಕ್ಕ ಹೇಳಬೇಕು. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಮನೋರೋಗ) ಇದ್ದರೆ ಮಕ್ಕಳಿಗೆ ಬರುವುದು ಸುಮಾರು 100ಕ್ಕೆ 10 ಮಂದಿಗೆ. ಉಳಿದ 90 ಮಂದಿಗೆ ಬರುವುದಿಲ್ಲ.

ಇನ್ನು ಹುಮ್ಮಸ್ಸು. ಓದಲು ಮೈಗಳ್ಳತನ ಮಾಡುವವನು ಕ್ರಿಕೆಟ್ ಅಂದರೆ ಓಡುತ್ತಾನೆ. ಖಿನ್ನತೆ ಹಿಡಿದವನಿಗೆ ಕ್ರಿಕೆಟ್ಟೂ ಬೇಡ. ಅವನ ರೂಮಿನಲ್ಲಿ, ಬಸ್ಸಿಗೆ ಕೊಟ್ಟು ಕಳಿಸಿದ ಬುತ್ತಿಯ ಗಂಟು ಬಿಚ್ಚದೇ ಇರುತ್ತದೆ. ರೊಟ್ಟಿ ಸೆಟೆದಿರುತ್ತದೆ, ಶೇಂಗಾ ಚಟ್ನಿಗೆ ಕೈ ಹಚ್ಚಿರುವುದಿಲ್ಲ. ನಸುಕಿನ 4ಕ್ಕೇ ಎಚ್ಚರ, ಆದರೆ ಏಳಲು ಆಗುವುದಿಲ್ಲ. ಅವನನ್ನು ಪಕ್ಕದ ರೂಮಿನವನ ಜೊತೆ ಹೋಲಿಸಬೇಡಿ, ಹೋದ ವರ್ಷದ ಅವನ ಜೊತೆಗೇ ಹೋಲಿಸಿ. ಬದಲಾವಣೆ ಎರಡು ವಾರ ದಾಟಿ, ದಿನದ ಬಹುಪಾಲು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಯನ್ನೂ ಕೇಳಿ, ಅವುಗಳ ಕೊರತೆಯಲ್ಲೂ ಹೀಗೇ ಸುಸ್ತಾಗುತ್ತದೆ.

ಖಿನ್ನತೆಗೆ ಗುಳಿಗೆ ಕೊಟ್ಟರೆ ಗುಣ ಕಾಣಲು 2ರಿಂದ 4 ವಾರ ಬೇಕು. ಎಷ್ಟೋ ಮಂದಿ ಎಡವುವುದು ಇಲ್ಲಿ: ಎಂಟು ದಿನಕ್ಕೆ "ಏನೂ ಆಗ್ಲಿಲ್ಲ" ಎಂದು ಬಿಡುತ್ತಾರೆ, ಇಲ್ಲವೇ ಆರಾಮಾದ ಕೂಡಲೇ ಬಿಡುತ್ತಾರೆ. ಆರಾಮಾದ ಮೇಲೂ ಕನಿಷ್ಠ 6 ತಿಂಗಳು ನಡೆಸಿ, ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೂಂ ಅಂದರೆ ಒಬ್ಬನನ್ನೇ ಬಿಡಬೇಡಿ, ಅಲ್ಲಿಂದಲೇ 14416ಕ್ಕೆ ಫೋನ್ ಹಚ್ಚಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ತಾಸೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.