ಆಗ್ರಾ ವಾಗ್ವಾದದ ಕನ್ನಡ ನಿರೂಪಣೆ: ನಾಲ್ಕನೆಯ ತಿಂಗಳ ಕೆಲಸ

1854ರ ಏಪ್ರಿಲ್ 10 ಮತ್ತು 11ರಂದು ಪಾದ್ರಿ ಕಾರ್ಲ್ ಗಾಟ್ಲೀಬ್ ಫಾಂಡರ್ ಮತ್ತು ಮೌಲಾನಾ ರಹಮತುಲ್ಲಾ ಕೈರಾನವಿ ಅವರ ನಡುವೆ ಆಗ್ರಾದಲ್ಲಿ ನಡೆದ ಸಾರ್ವಜನಿಕ ವಾಗ್ವಾದವನ್ನು ಕನ್ನಡದಲ್ಲಿ ನಿರೂಪಿಸಲು ಹೊರಟು ನಾಲ್ಕು ತಿಂಗಳಾಯಿತು. ಈ ತಿಂಗಳು ಎರಡನೆಯ ಅಧ್ಯಾಯದ ಕರಡು ಮುಗಿಯಬೇಕಿತ್ತು. ಮುಗಿದಿಲ್ಲ, ಧರ್ಮಗ್ರಂಥದ ಪಾಠ ಕೆಟ್ಟಿದೆ ಎಂಬ ವಾದಕ್ಕೆ ಬಳಸುವ ‘ತಹ್ರೀಫ್’ ಎಂಬ ಒಂದೇ ಅರಬ್ಬಿ ಪದದ ಬಳಿ ಬರವಣಿಗೆ ನಿಂತಿದೆ.

ಮೊದಲ ಅಧ್ಯಾಯವನ್ನು ಮತ್ತೊಮ್ಮೆ ತಿದ್ದಿದ್ದೇನೆ. ಫಾಂಡರ್ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ 1825ರಲ್ಲಿ ಕಾಕಸಸ್ಸಿನ ಶುಷಾ ಪಟ್ಟಣಕ್ಕೆ ಹೋದರು. ಕ್ರೈಸ್ತ ಮತವನ್ನು ಮುಸ್ಲಿಮರ ಮುಂದೆ ಸಮರ್ಥಿಸುವ ‘ಮೀಜಾನುಲ್ ಹಕ್’ ಗ್ರಂಥವನ್ನು 1829ರಲ್ಲಿ ಅಲ್ಲಿಯೇ ಬರೆದರು. ರಷ್ಯಾ ಸರ್ಕಾರ ಮಿಷನ್ನಿನ ಕೆಲಸವನ್ನು ನಿಲ್ಲಿಸಿದ ಮೇಲೆ ಭಾರತಕ್ಕೆ ಬಂದು, ಚರ್ಚ್ ಮಿಷನರಿ ಸೊಸೈಟಿಯನ್ನು ಸೇರಿ, ಆಗ್ರಾದಲ್ಲಿ ನೆಲೆಸಿದರು. ಇದೇ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ ಬಂದಿತು. ಮೊಗ್ಲಿಂಗ್ ಮತ್ತು ಕಿಟ್ಟೆಲ್ ಅವರ ಮೂಲಕ ಕನ್ನಡಿಗರಿಗೆ ಪತ್ರಿಕೆಯಾಗಿ, ನಿಘಂಟಾಗಿ ಪರಿಚಯವಾದ ಸಂಸ್ಥೆಯಲ್ಲಿ ಓದಿದವರೊಬ್ಬರು ಉತ್ತರದಲ್ಲಿ ವಾಗ್ವಾದದ ಮುಖದಿಂದ ಪರಿಚಿತರಾದರು ಎಂಬುದನ್ನು ನಮ್ಮ ಓದುಗರಿಗೆ ತಿಳಿಸಬೇಕೆನ್ನುವುದೇ ನಾನು ಈ ಕೆಲಸಕ್ಕೆ ಕೈಹಾಕಲು ಮೊದಲ ಕಾರಣ.

ಈಗ ಆ ಪದದ ವಿಷಯ. ಚರ್ಚೆಗೆಂದು ಐದು ವಿಷಯಗಳನ್ನು ಮೊದಲೇ ಒಪ್ಪಿಕೊಳ್ಳಲಾಗಿತ್ತು: ಹಿಂದಿನ ಗ್ರಂಥದ ವಿಧಿಗಳು ರದ್ದಾಗುವುದು (ನಸ್ಖ್), ಬೈಬಲ್ಲಿನ ಪಾಠ ಕೆಟ್ಟಿರುವುದು (ತಹ್ರೀಫ್), ದೇವರು ಮೂವರಾಗಿಯೂ ಒಬ್ಬನೇ ಎಂಬ ತ್ರಿತ್ವ, ಮುಹಮ್ಮದರ ಪ್ರವಾದಿತ್ವ, ಕುರಾನ್. ಎರಡು ದಿನಗಳಲ್ಲಿ ಮೊದಲಿನ ಎರಡರಿಂದ ಮುಂದೆ ಮಾತು ಹೋಗಲೇ ಇಲ್ಲ. ರಹಮತುಲ್ಲಾ ಅವರ ಜೊತೆಗಿದ್ದ ವೈದ್ಯ ಮುಹಮ್ಮದ್ ವಜೀರ್ ಖಾನ್ ಇಂಗ್ಲಿಷ್ ಬಲ್ಲವರು. ಇಂಗ್ಲೆಂಡಿಗೆ ಹೋಗಿದ್ದಾಗ ಬೈಬಲ್ಲಿನ ಪಾಠವಿಮರ್ಶೆಯ, ಅಂದರೆ ಹಸ್ತಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ಹುಡುಕುವ ವಿದ್ಯೆಯ, ಪುಸ್ತಕಗಳನ್ನು ಸಂಗ್ರಹಿಸಿ ತಂದಿದ್ದರು. ಯುರೋಪಿನ ಕ್ರೈಸ್ತ ವಿದ್ವಾಂಸರೇ ಬರೆದ ಮಾತುಗಳನ್ನು ಅವರು ಫಾಂಡರರ ಮುಂದಿಟ್ಟರು. ಫಾಂಡರ್ ಬಾಸೆಲ್ಲನ್ನು ಬಿಟ್ಟು ಹತ್ತು ವರ್ಷಗಳಾದ ಮೇಲೆ, 1835ರಲ್ಲಿ, ಅವರದೇ ಪ್ರಾಂತದ ವಿದ್ವಾಂಸ ಸ್ಟ್ರಾಸ್ ಯೇಸುವಿನ ಚರಿತ್ರೆಯನ್ನು ವಿಮರ್ಶೆಗೆ ಒಳಪಡಿಸಿದ ಗ್ರಂಥ ಪ್ರಕಟವಾಗಿತ್ತು. ತಾಯ್ನಾಡಿನಲ್ಲಿ ಬೆಳೆದ ಆ ವಿದ್ವತ್ತು ಆಗ್ರಾದಲ್ಲಿ ತಮಗೆ ಎದುರಾದೀತೆಂದು ಅವರು ಎಣಿಸಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಯೋಹಾನನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದ ಏಳನೆಯ ವಚನವನ್ನು ನೋಡಿ. ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು ಪರಲೋಕದ ಸಾಕ್ಷಿಗಳು, ಈ ಮೂವರೂ ಒಂದೇ ಎಂದು ಹೇಳುವ ಈ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಲ್ಯಾಟಿನ್ ಪರಂಪರೆಯಿಂದ ಬಂದು ಸೇರಿದ್ದು. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ ತನ್ನ 1516 ಮತ್ತು 1519ರ ಮುದ್ರಣಗಳಲ್ಲಿ ಇದನ್ನು ಬಿಟ್ಟಿದ್ದ, 1522ರಲ್ಲಿ ಸೇರಿಸಿದ. ಇಂಥ ಕೆಲವು ಕಡೆಗಳಲ್ಲಿ ಪಾಠ ಬದಲಾಗಿದೆ ಎಂದು ಫಾಂಡರ್ ಸಭೆಯಲ್ಲಿ ಒಪ್ಪಿಕೊಂಡರು. ಆದರೆ ಅದು ಲಿಪಿಕಾರರ ಕೈತಪ್ಪು, ಗ್ರಂಥದ ಸಾರಕ್ಕೆ ಅದರಿಂದ ಧಕ್ಕೆಯಿಲ್ಲ ಎಂಬುದು ಅವರ ನಿಲುವು. ಕೈತಪ್ಪೋ, ಉದ್ದೇಶವೋ, ಬದಲಾಗಿದೆ ಎಂದ ಮೇಲೆ ಅದು ತಹ್ರೀಫ್, ಅಂಥ ಗ್ರಂಥ ಪ್ರಮಾಣವಾಗದು ಎಂಬುದು ರಹಮತುಲ್ಲಾ ಅವರದು. ಚರ್ಚೆ ಮುರಿದುಬಿದ್ದದ್ದು ಇಲ್ಲಿಯೇ.

ಹೀಗಿರುವಾಗ ಆ ಪದಕ್ಕೆ ಕನ್ನಡವೇನು? ಮೊದಲ ಕರಡಿನಲ್ಲಿ ‘ಪಾಠಾಂತರ’ ಎಂದು ಬರೆದಿದ್ದೆ. ಗಟ್ಟಿಯಾಗಿ ಓದಿ ನೋಡಿದಾಗ ಮೌಲಾನಾ ಏಕೆ ಇಷ್ಟು ಹಟ ಹಿಡಿದರೆಂಬುದೇ ತಿಳಿಯದಂತಾಗಿತ್ತು. ಓಲೆಗರಿಯಿಂದ ಓಲೆಗರಿಗೆ ಪಾಠಾಂತರ ಇದ್ದೇ ಇರುತ್ತದೆ ಎಂದು ಕುಮಾರವ್ಯಾಸನನ್ನು ಓದಿದ ಕನ್ನಡಿಗ ಸಹಜವಾಗಿ ತಲೆದೂಗುತ್ತಾನೆ, ಫಾಂಡರರ ಪಕ್ಷ ತಾನಾಗಿ ಗೆಲ್ಲುತ್ತದೆ. ಎರಡನೆಯ ಸಲ ‘ತಿರುಚುವಿಕೆ’ ಎಂದು ಹಾಕಿದೆ. ಆಗ ಪಾದ್ರಿಗಳು ಮೋಸವನ್ನು ಒಪ್ಪಿಕೊಂಡ ಹಾಗೆ ಕೇಳಿಸಿತು, ಅದು ಅವರಿಗೆ ಮಾಡುವ ಅನ್ಯಾಯ. ‘ಪ್ರಕ್ಷೇಪ’ ಎಂದರೆ ಸೇರಿಸಿದ್ದು ಮಾತ್ರ. ಬಿಟ್ಟದ್ದು, ಬದಲಿಸಿದ್ದು ಅದರೊಳಗೆ ಬರುವುದಿಲ್ಲ. ಎರಡು ದಿನ ಆ ಸಭೆಯಲ್ಲಿ ಇತ್ಯರ್ಥವಾಗದ್ದನ್ನು ಅನುವಾದಕ ಒಂದು ಪದದಿಂದ ಇತ್ಯರ್ಥ ಮಾಡಕೂಡದು. ಆದ್ದರಿಂದ ತಹ್ರೀಫ್ ಪದವನ್ನು ಹಾಗೆಯೇ ಉಳಿಸಿಕೊಂಡು, ಅದು ಮೊದಲು ಬರುವ ಪುಟದಲ್ಲಿಯೇ ಇಬ್ಬರೂ ಅದಕ್ಕೆ ಕೊಟ್ಟ ಅರ್ಥವನ್ನು ಅಕ್ಕಪಕ್ಕದಲ್ಲಿ ವಿವರಿಸಲು ತೀರ್ಮಾನಿಸಿದ್ದೇನೆ. ನಸ್ಖ್ ಅಷ್ಟು ಕಾಡಲಿಲ್ಲ; ‘ರದ್ದತಿ’ ಸಾಕಾಗುತ್ತದೆ.

ಮೂರನೆಯ ಅಧ್ಯಾಯಕ್ಕೆ ಟಿಪ್ಪಣಿಗಳು ಸಿದ್ಧವಾಗಿವೆ. 1857ರ ದಂಗೆಯ ನಂತರ ರಹಮತುಲ್ಲಾ ಆಸ್ತಿಪಾಸ್ತಿ ಕಳೆದುಕೊಂಡು ಮೆಕ್ಕಾಕ್ಕೆ ಹೋದದ್ದು, ಆಟೊಮನ್ ಸುಲ್ತಾನರ ಆಶ್ರಯದಲ್ಲಿ ಅರಬ್ಬಿಯಲ್ಲಿ ‘ಇಜ್‌ಹಾರುಲ್ ಹಕ್’ ಬರೆದದ್ದು, ಮೆಕ್ಕಾದಲ್ಲಿ ಸೌಲತಿಯಾ ಮದರಸಾ ಕಟ್ಟಿದ್ದು ಅದರಲ್ಲಿ ಬರುತ್ತವೆ. ಫಾಂಡರ್ ಪೇಷಾವರಕ್ಕೂ ಅಲ್ಲಿಂದ ಕಾನ್‌ಸ್ಟಾಂಟಿನೋಪಲ್ಲಿಗೂ ಹೋಗಿ 1865ರಲ್ಲಿ ತೀರಿಕೊಂಡರು. ಸಭೆಯಲ್ಲಿ ಮುಸ್ಲಿಮರ ಕಡೆ ಕುಳಿತಿದ್ದ ಸಫ್ದರ್ ಅಲಿ, ಇಮಾದುದ್ದೀನ್ ಇಬ್ಬರೂ ಮುಂದೆ 1860ರ ದಶಕದಲ್ಲಿ ಕ್ರೈಸ್ತರಾದರು. ಅವರಿಗೆ ಪ್ರತ್ಯೇಕ ಅಧ್ಯಾಯವೇ ಬೇಕಾಗಬಹುದು. ಅದಕ್ಕೂ ಮೊದಲು ಎರಡನೆಯ ಅಧ್ಯಾಯದಲ್ಲಿ ‘ಪಾಠಾಂತರ’ ಎಂದಿರುವ ಕಡೆಗಳನ್ನೆಲ್ಲ ಹುಡುಕಿ, ಮಾತು ಯಾರದು ಎಂದು ನೋಡಿಕೊಂಡು, ಒಂದೊಂದಾಗಿ ತಿದ್ದುತ್ತಿದ್ದೇನೆ. ಮೊದಲ ದಿನದ ಭಾಗ ನಿನ್ನೆ ರಾತ್ರಿ ಮುಗಿಯಿತು.