ಕತ್ತರಿ ಹಿಡಿಯೋ ಕೈ

18 ನವೆಂಬರ್ 2024, ಸೋಮವಾರ
ಗಂಗಾವತಿ

ಹುಬ್ಬಳ್ಳಿಯಿಂದ ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಬಸ್ಸಿನಲ್ಲಿ ಅಕ್ಕ ಮಾತೇ ಆಡಲಿಲ್ಲ. ಕೊಪ್ಪಳ ದಾಟಿದ ಮೇಲೆ ಒಮ್ಮೆ ಕೇಳಿದಳು, "ಬಲಗೈ ಅಂದ್ರಲ್ಲವ್ವ, ನಾ ಕತ್ತರಿ ಹಿಡಿಯೋ ಕೈ?"

ನನಗೆ ಬಾಯಿ ಬರಲಿಲ್ಲ.

ಗಂಟು ಕತ್ತಿನ ಎಡಗಡೆ. ನೋವಿಲ್ಲ ಅಂತ ಎರಡು ವರ್ಷ ಸುಮ್ನೆ ಸೆರಗು ಹೊದ್ದುಕೊಂಡಿದ್ದಳು. ಮುಟ್ಟಿ ನೋಡಿದ್ದೆ. ನಾಡಿಯ ಹಾಗೆ ಬಡಿಯುತ್ತಿತ್ತು. ಆಚೆ ಈಚೆ ಸರಿಯುತ್ತೆ, ಮೇಲೆ ಕೆಳಗೆ ಸರಿಯಲ್ಲ. ಸ್ಕ್ಯಾನ್ ನೋಡಿದ ಡಾಕ್ಟರ್ ಮೊದಲು ಕೇಳಿದ್ದೇ, "ಎಲ್ಲೂ ಚುಚ್ಚಿಸಿಲ್ಲ ತಾನೇ?" ಅಂತ. ಗಡ್ಡೆಯ ತುಂಬ ರಕ್ತನಾಳಗಳೇ.

ರಿಪೋರ್ಟ್ ಕವರಿನ ಹಿಂದೆ ಒಂದು ಕವಲು ಬರೆದು ತೋರಿಸಿದರು. ಕ್ಯಾರೋಟಿಡ್ ನಾಳ ಕತ್ತಿನಲ್ಲಿ ಎರಡಾಗುತ್ತೆ, ಒಂದು ಮುಖದ ಕಡೆಗೆ, ಒಂದು ಮಿದುಳಿಗೆ. ಆ ಕವಲಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಅಂಗ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡಿಕೊಳ್ಳೋದು ಅದರ ಕೆಲಸ. ಅದೇ ಬೆಳೆದು ಗಡ್ಡೆಯಾಗಿದೆ. ಇಂಥವು ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ನಾಳವನ್ನೇ ಸುತ್ತಿಕೊಳ್ಳುತ್ತೆ. 1971ರಲ್ಲಿ ಶಾಂಬ್ಲಿನ್ ಅನ್ನೋರು ಇದಕ್ಕೆ ಮೂರು ಹಂತ ಹೇಳಿದ್ದಾರೆ. ಅಕ್ಕನದು ಎರಡನೆಯದು, ಅರ್ಧ ಸುತ್ತಿಕೊಂಡಿದೆ.

"ಆಪರೇಷನ್‌ನಲ್ಲಿ ಗಡ್ಡೆ ಬಿಡಿಸುವಾಗ ನಾಳ ಹರಿದರೆ ರಕ್ತ ನಿಲ್ಲಿಸೋಕೆ ಸ್ವಲ್ಪ ಹೊತ್ತು ಕ್ಲಾಂಪ್ ಹಾಕಬೇಕಾಗುತ್ತಮ್ಮ. ಬೇಕಾದರೆ ಮಿದುಳಿಗೆ ರಕ್ತ ಹೋಗೋಕೆ ಒಂದು ಕೊಳವೆ ಇಡ್ತೀವಿ. ಆದರೂ ರಕ್ತ ಕಡಿಮೆಯಾದರೆ, ಇಲ್ಲ ಹೆಪ್ಪು ಹೋಗಿ ಸಿಕ್ಕಿಕೊಂಡರೆ, ಲಕ್ವಾ ಹೊಡೆಯಬಹುದು."

ಎಡಗಡೆಯ ನಾಳ, ಎಡಗಡೆಯ ಮಿದುಳು. ಹೋದರೆ ಬಲಗೈ, ಬಲಗಾಲು. ಮಾತೂ ಹೋಗಬಹುದು. ದೊಡ್ಡ ಗಡ್ಡೆಗಿಂತ ಇದರಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತ ಹೇಳಲಾರೆ ಅಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಮುಚ್ಚಿಡದೆ ಹೇಳಿದರಲ್ಲ, ಅಕ್ಕನನ್ನು ಇವರ ಕೈಗೆ ಒಪ್ಪಿಸಬಹುದು ಅನ್ನಿಸಿತು.

ಮಾವ ಗದ್ದೆಯಿಂದಲೇ ಫೋನ್ ಮಾಡಿದ್ದರು. ಭತ್ತದ ಕಟಾವು, ಮಷಿನ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮುಂಜಾನೆ ಹೇಳ್ತೀನಿ ಮಾವ ಅಂದೆ. ಅವ್ವನಿಗೆ ಹೇಗೆ ಹೇಳೋದು?

ಈಗ ಹನ್ನೊಂದೂವರೆ. ಪಡಸಾಲೆಯಲ್ಲಿ ಲೈಟ್ ಉರಿಯುತ್ತಿತ್ತು, ಎದ್ದು ಹೋದೆ. ಹೊಲಿಗೆ ಮಷಿನ್ ಪಕ್ಕ ಅಕ್ಕ ಕೂತಿದ್ದಳು, ಎಡಗೈಯಲ್ಲಿ ಕತ್ತರಿ ಹಿಡಿದು. ಬಟ್ಟೆ ತುಂಡಾಗುತ್ತಿಲ್ಲ. ಎರಡು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಕೊಳ್ಳುತ್ತಿದೆ. ಬಿಡಿಸುತ್ತಾಳೆ, ಮತ್ತೆ ಹಿಡಿಯುತ್ತಾಳೆ. ನನ್ನನ್ನು ನೋಡಲಿಲ್ಲ.

ಎಡಗೈಯವರಿಗೆ ಅಂತಲೇ ಬೇರೆ ಕತ್ತರಿ ಸಿಗುತ್ತೆ ಅಂತ ಹೇಳೋಣ ಅಂದುಕೊಂಡೆ. ಹೇಳಿದರೆ ನಾನೂ ಆಗಲೇ ಬಲಗೈ ಬಿಟ್ಟುಕೊಟ್ಟ ಹಾಗೆ ಆಗುತ್ತೆ, ಅಲ್ವಾ. ಹೇಳದೇ ಇದ್ದರೆ…