ಮುಂಬೈ ಗೋಡೆಯ ಮೇಲೆ ಅವ್ವನ ತವರಿನ ಹೊಲ

ದಾದರ್ ಸ್ಟೇಶನ್ನಿನಲ್ಲಿ ಇಳಿದಾಗ ಇನ್ನೂ ಕತ್ತಲೆ. ಬೆನ್ನಿಗೊಂದು ಚೀಲ, ಹೆಗಲಿಗೊಂದು ಚೀಲ, ಜೊತೆಗೆ ನಾಲ್ಕು ಫ್ರೇಮಿನ ಒಂದು ಕಟ್ಟು. ಬಬಲ್ ಶೀಟು ಸುತ್ತಿ, ಅದರ ಮೇಲೆ ಹಳೇ ಕೌದಿ ಸುತ್ತಿ, ಅದರ ಮೇಲೆ ನೈಲಾನ್ ಹಗ್ಗ ಬಿಗಿದದ್ದು. ಕೌದಿ ಅವ್ವನದು. "ಅದರಾಗ ಬರೇ ಗಾಳಿ ಐತಿ, ಗಾಳಿ ನಂಬಬ್ಯಾಡ" ಅಂತ ಬಬಲ್ ಶೀಟನ್ನು ಪಟಪಟ ಒಡೆದು ತೋರಿಸಿ, ತಾನೇ ಕೂತು ಸುತ್ತಿಕೊಟ್ಟಿದ್ದಳು. ರೈಲಿನಲ್ಲಿ ಆ ಕಟ್ಟು ಸೀಟಿನ ಕೆಳಗೆ ಹಿಡಿಸಲಿಲ್ಲ. ನನ್ನ ಬರ್ತಿನಲ್ಲೇ ಗೋಡೆಗೆ ಒರಗಿಸಿ, ಉಳಿದ ಒಂದೂವರೆ ಅಡಿಯಲ್ಲಿ ನಾನು ಮುದುಡಿಕೊಂಡು ಧಾರವಾಡದಿಂದ ಮುಂಬೈ ಮುಟ್ಟಿದೆ. ನಿದ್ದೆ ಅಂತೂ ಇಲ್ಲ. ರೈಲು ಬ್ರೇಕ್ ಹಾಕಿದಾಗೆಲ್ಲ ಕೈ ಫ್ರೇಮಿನ ಮೇಲೆ.

ಆರು ಜನ ಚಿತ್ರಕಾರರು ಸೇರಿ ಮಾಡಿದ ಗ್ರೂಪ್ ಶೋ ಇದು. ಧಾರವಾಡದವರು ಮೂವರು, ಬೆಳಗಾವಿಯವರು ಒಬ್ಬರು, ಮುಂಬೈಯವರು ಇಬ್ಬರು. ಕಾಲಾ ಘೋಡಾದ ಹತ್ತಿರ ಒಂದು ಸಣ್ಣ ಗ್ಯಾಲರಿ, ಒಂದು ವಾರಕ್ಕೆ. ಬಾಡಿಗೆ ಹಂಚಿದರೆ ತಲೆಗೆ 11 ಸಾವಿರ. ಊರಿನಲ್ಲಿ ಹೇಳಿದಾಗ ಎಲ್ಲರದೂ ಒಂದೇ ಪ್ರಶ್ನೆ, "ಜಹಾಂಗೀರ್ ಆರ್ಟ್ ಗ್ಯಾಲರಿನಾ?" ಅಲ್ಲ. ಅಲ್ಲಿ ಜಾಗ ಬೇಕು ಅಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಪಾಳಿ ಕಾಯಬೇಕು. ನಮ್ಮದು ಅಲ್ಲಿಂದ ಐದು ನಿಮಿಷದ ನಡಿಗೆ, ಅಷ್ಟೇ.

ದಾದರ್‌ನಲ್ಲಿ ಟ್ಯಾಕ್ಸಿ ಹಿಡಿಯೋದೇ ಒಂದು ಸಾಹಸ ಆಯಿತು. ಹಳೇ ಸಿನಿಮಾಗಳಲ್ಲಿ ತಲೆ ಮೇಲೆ ಕ್ಯಾರಿಯರ್ ಹೊತ್ತ ಪ್ರೀಮಿಯರ್ ಪದ್ಮಿನಿ ನೋಡಿ, ಅದರ ಮೇಲೆ ಕಟ್ಟಿದರಾಯಿತು ಅಂದುಕೊಂಡು ಬಂದಿದ್ದೆ. ಆ ಗಾಡಿಗಳು 2023ರಲ್ಲೇ ರಸ್ತೆ ಬಿಟ್ಟಿವೆ. ನಾನು ನಿಲ್ಲಿಸಿದ ಟ್ಯಾಕ್ಸಿಯ ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರು ಆರಾಮಾಗಿ ಮಲಗಿತ್ತು. ಮೂರನೇ ಟ್ಯಾಕ್ಸಿಯವನು ಹಿಂದಿನ ಸೀಟಿನಲ್ಲಿ ಫ್ರೇಮುಗಳನ್ನು ಕೂರಿಸಿ, ನನ್ನನ್ನು ಮುಂದೆ ಕೂರಿಸಿಕೊಂಡು, ಮಾಟುಂಗಾಕ್ಕೆ ತಂದು ಬಿಟ್ಟ. ಲಾಡ್ಜಿನ ಕೌಂಟರಿನಲ್ಲಿದ್ದವರು ಉಡುಪಿ ಕಡೆಯವರು. ಕಟ್ಟು ನೋಡಿ "ಎಂಥದು ಇದು, ಕನ್ನಡಿಯಾ?" ಅಂದರು. "ಚಿತ್ರ ರೀ" ಅಂದೆ. "ಓ, ಹಾಗಾದ್ರೆ ಕನ್ನಡಿಗಿಂತ ಜಾಗ್ರತೆ" ಅಂತ ಹುಡುಗನನ್ನು ಕರೆದು ಮೇಲಕ್ಕೆ ಕಳಿಸಿದರು. ಮಾಟುಂಗಾದಲ್ಲಿ ಕನ್ನಡಕ್ಕೇನೂ ಬರ ಇಲ್ಲ. ಮಧ್ಯಾಹ್ನ ರಾಮಾ ನಾಯಕರ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿದೆ. 1942ರಿಂದ ನಡೆದು ಬಂದಿರೋ ಜಾಗ ಅದು. ಟೋಕನ್ ಹಿಡಿದು ಕಾಯುವಾಗ ಅಕ್ಕಪಕ್ಕ ತುಳು, ಕೊಂಕಣಿ, ತಮಿಳು ಎಲ್ಲಾ ಕೇಳಿಸುತ್ತೆ.

ಕೌದಿ ಬಿಚ್ಚಿದಾಗ ನಾಲ್ಕರಲ್ಲಿ ಒಂದರ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಫ್ರೇಮ್ ಹಾಕಿದವನಿಗೆ ಎರಡೆರಡು ಸಲ ಹೇಳಿದ್ದೆ, ಅಕ್ರಿಲಿಕ್ ಶೀಟು ಹಾಕಪ್ಪಾ, ರೈಲಿನಲ್ಲಿ ಹೋಗಬೇಕು ಅಂತ. ದುಡ್ಡು ಅಕ್ರಿಲಿಕ್ಕಿಗೆ ತಗೊಂಡು ಹಾಕಿದ್ದು ಗಾಜು. ನಾನೂ ಬೆರಳಲ್ಲಿ ತಟ್ಟಿ ನೋಡಬೇಕಿತ್ತು, ನೋಡಲಿಲ್ಲ.

ಫೋರ್ಟಿನ ಒಂದು ಗಲ್ಲಿಯಲ್ಲಿ ಗಾಜು ಕೊಯ್ಯುವ ಮುದುಕರು ಸಿಕ್ಕರು. ಅಂಗಡಿ ಅಂದರೆ ಒಂದು ಮೇಜು, ಮೇಜಿನ ಮೇಲೆ ಹಳೇ ಕಂಬಳಿ. ಗಾಜು ಹಾಸಿ, ಮರದ ಪಟ್ಟಿ ಒತ್ತಿ ಹಿಡಿದು, ಕಟರ್ ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೇ ಒಂದು ಗೆರೆ ಎಳೆದರು. ಎರಡನೇ ಸಲ ಎಳೆಯಲಿಲ್ಲ. ಸರ್ರ್ ಅಂತ ರೇಶ್ಮೆ ಹರಿದಂಥ ಸದ್ದು. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ತಂದು ಮಣಿಕಟ್ಟು ಸ್ವಲ್ಪ ಬಗ್ಗಿಸಿದರು, ಟಕ್. ಅಂಚಿನಲ್ಲಿ ಒಂದು ಚೂರೂ ಎದ್ದಿಲ್ಲ. ನಾನು ಇಪ್ಪತ್ತು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ, ಹಾಗೆ ಒಂದೇ ಸಲಕ್ಕೆ ಗೆರೆ ಎಳೆದು ಕೈ ಎತ್ತಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಿಕೊಂಡೇ ವಾಪಸ್ ಬಂದೆ.

ಚಿತ್ರ ತೂಗು ಹಾಕೋದು ಬರೆಯೋದಕ್ಕಿಂತ ಜಗಳದ ಕೆಲಸ. ಚಿತ್ರದ ನಡುಮಧ್ಯ ನೆಲದಿಂದ 57 ಇಂಚು ಮೇಲಿರಬೇಕು ಅನ್ನೋದು ಗ್ಯಾಲರಿಗಳಲ್ಲಿ ರೂಢಿಯ ಲೆಕ್ಕ, ನೋಡುವವರ ಕಣ್ಣಿನ ಮಟ್ಟ ಅಂತ. ನಮ್ಮ ಗುಂಪಿನ ಹಿರಿಯರು, ನಾವೆಲ್ಲ ಸರ್ ಅಂತೀವಿ, ಅವರದು ಆರಡಿ ಎತ್ತರ, ಅವರಿಗೆ 60 ಬೇಕು. ನನ್ನದು ಐದಡಿ. ಕೊನೆಗೆ 58ಕ್ಕೆ ರಾಜಿ ಆಗಿ ಗೋಡೆಯುದ್ದಕ್ಕೂ ದಾರ ಎಳೆದೆವು. ಯಾರಿಗೆ ಯಾವ ಗೋಡೆ ಅನ್ನೋದರಲ್ಲಿ ಮಾತ್ರ ಯಾರೂ ರಾಜಿ ಆಗಲಿಲ್ಲ, ಚೀಟಿ ಎತ್ತಿದೆವು. ನನಗೆ ಬಾಗಿಲ ಬಳಿಯದು ಬಂತು. ಚಲೋ ಜಾಗ ಅಂತ ಖುಷಿಪಟ್ಟೆ, ಆಮೇಲೆ ಗೊತ್ತಾಯಿತು, ಒಳಗೆ ಬರುವವರು ಅಲ್ಲಿ ನಿಲ್ಲಲ್ಲ, ದಾಟಿ ಹೋಗುತ್ತಾರೆ.

ಹಿಂದಿನ ಪ್ರದರ್ಶನದ ಮೊಳೆ ತೂತುಗಳಿಗೆ ಪುಟ್ಟಿ ಮೆತ್ತಿ ಬಿಳಿ ಬಣ್ಣ ಹಚ್ಚಲು ಒಬ್ಬ ಹುಡುಗ ಬಂದಿದ್ದ. ನಾವು ಮಾತಾಡೋದು ಕೇಳಿ ತಿರುಗಿ ನೋಡಿದ. ಕಲಬುರಗಿ ಕಡೆಯವನು. "ನೀವೂ ಪೇಂಟರ್ ಏನ್ರಿ?" ಅಂದ. ಹೌದು ಅಂದೆ, ಬೇರೆ ಏನು ಹೇಳೋದು. ನನ್ನ ದೊಡ್ಡ ಚಿತ್ರದ ಮುಂದೆ ನಿಂತು, "ಕಡ್ಲಿ ಹೊಲ ಅಲ್ರಿ? ಹುಳಿ ಹಿಡದ್ರೇನು?" ಅಂತ ಕೇಳಿದ. ಚಳಿಗಾಲದ ಬೆಳಗ್ಗೆ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ಎಳೆದರೆ ಇಬ್ಬನಿ ಜೊತೆ ಎಲೆಯ ಹುಳಿಯೂ ಬಟ್ಟೆಗೆ ಇಳಿಯುತ್ತೆ, ಹಿಂಡಿ ಇಟ್ಟುಕೊಳ್ಳುತ್ತಾರೆ. ಅವ್ವನ ತವರು ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲು. ಸಣ್ಣವಳಿದ್ದಾಗ ನಾನೂ ಬಟ್ಟೆಯ ಒಂದು ತುದಿ ಹಿಡಿದಿದ್ದೆ. ಚಿತ್ರದಲ್ಲಿ ಮಾತ್ರ ಆ ಬಟ್ಟೆ ಇರಲಿಲ್ಲ, ನೆನಪೇ ಆಗಿರಲಿಲ್ಲ.

ಉದ್ಘಾಟನೆ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ದೀಪ, ಭಾಷಣ, ಚಹಾ, ಬಿಸ್ಕತ್ತು, ಸೆಲ್ಫಿ. ಎಲ್ಲರ ಬೆನ್ನು ಚಿತ್ರಗಳ ಕಡೆ.

ಎರಡನೇ ದಿನದಿಂದ ಸುಮ್ನೆ ಕೂರುವ ಕೆಲಸ. ನಾವು ಪಾಳಿ ಹಚ್ಚಿಕೊಂಡೆವು. ಬೆಳಗ್ಗೆ ಮಾಟುಂಗಾದಿಂದ ಲೇಡೀಸ್ ಡಬ್ಬದಲ್ಲಿ ಸಿಎಸ್‌ಎಂಟಿ ಸ್ಟೇಶನ್, ಅಲ್ಲಿಂದ ಹುತಾತ್ಮ ಚೌಕ ದಾಟಿ ನಡಿಗೆ. ನನ್ನ ಪಾಳಿ ಇಲ್ಲದಾಗ ಅಲ್ಲೇ ಸುತ್ತಾಟ. ಕಾಲಾ ಘೋಡಾ ಅಂದರೆ ಕಪ್ಪು ಕುದುರೆ, ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಕೂತಿದ್ದ ಕುದುರೆ ಅದು. 1965ರಲ್ಲಿ ಆ ಪ್ರತಿಮೆಯನ್ನು ತೆಗೆದು ಭಾಯ್‌ಖಳಾದ ಮೃಗಾಲಯಕ್ಕೆ ಸಾಗಿಸಿದರು. ಐವತ್ತು ವರ್ಷ ಕುದುರೆ ಇಲ್ಲದೆ ಬರೀ ಹೆಸರು ಉಳಿಯಿತು. 2017ರಲ್ಲಿ ಹೊಸ ಕುದುರೆ ತಂದು ನಿಲ್ಲಿಸಿದ್ದಾರೆ, ಈ ಸಲ ಬೆನ್ನ ಮೇಲೆ ಯಾರೂ ಇಲ್ಲ. ನನಗೆ ಇದೇ ಇಷ್ಟ ಆಯಿತು.

ಜಹಾಂಗೀರ್‌ಗೆ ದಿನಾ ಹೋದೆ, ಟಿಕೆಟ್ ಇಲ್ಲವಲ್ಲ. 1952ರಲ್ಲಿ ಶುರುವಾದ ಈ ಗ್ಯಾಲರಿಗೆ ದುಡ್ಡು ಕೊಟ್ಟವರು ಸರ್ ಕಾವಸ್‌ಜಿ ಜಹಾಂಗೀರ್. ಇಂಥದೊಂದು ಜಾಗ ಬೇಕೇ ಬೇಕು ಅಂತ ಬೆನ್ನು ಹತ್ತಿದವರಲ್ಲಿ ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರೂ ಇದ್ದರು, ವಿಜ್ಞಾನಿ ಹೋಮಿ ಭಾಭಾ ಜೊತೆಗೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯ ಹುಡುಗ, ಮುಂಬೈಯ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ಕಲಬುರಗಿಯ ಎಸ್.ಎಂ. ಪಂಡಿತರೂ ಇದೇ ಊರಿಗೆ ಬಂದು ಕ್ಯಾಲೆಂಡರ್, ಸಿನಿಮಾ ಪೋಸ್ಟರ್ ಬರೆದು ಹೆಸರು ಮಾಡಿದವರು. ಅವರೆಲ್ಲ ಹೋದ ಹಾದಿ ಅಂತ ಎದೆ ಉಬ್ಬಿಸಿಕೊಂಡು ಬಾಗಿಲ ಹೊರಗೆ ಬಂದರೆ, ಫುಟ್‌ಪಾತಿನಲ್ಲಿ ಕೂತ ಹುಡುಗ ಹತ್ತು ನಿಮಿಷದಲ್ಲಿ ಒಬ್ಬರ ಮುಖ ಬರೆದು ಮುಗಿಸುತ್ತಿದ್ದ. ನನ್ನ ಎದೆ ಮತ್ತೆ ಜಾಗಕ್ಕೆ ಬಂತು.

ಮೂರನೇ ದಿನ ಮಧ್ಯಾಹ್ನ ಗ್ಯಾಲರಿಯಲ್ಲಿ ಒಬ್ಬಳೇ ಇದ್ದೆ. ಸರ್ ಅವರ ಗೋಡೆಯ ಬಳಿ ಸ್ಟೂಲು ಹಾಕಿಕೊಂಡು ಎದುರು ನೋಡಿದರೆ ನನ್ನ ನಾಲ್ಕೂ ಚಿತ್ರ ಒಂದೇ ಚಿತ್ರದ ನಾಲ್ಕು ತುಂಡಿನ ಥರ ಕಂಡವು. ಅದೇ ಕಂದು. ಎರೆಮಣ್ಣಿಗೆ ನಾನು ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸುತ್ತೇನೆ, ವರ್ಷಗಳಿಂದ. ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅದು ಕಪ್ಪಾಗೇ ಕಾಣುತ್ತಿತ್ತು. ಇಲ್ಲಿ ಸ್ಪಾಟ್‌ಲೈಟ್ ಬಿದ್ದರೆ ಚಾಕೊಲೇಟ್! ನಾಲ್ಕು ಹೊಲ, ನಾಲ್ಕು ಋತು, ಒಂದೇ ಚಾಕೊಲೇಟ್. ಮನೆಯಲ್ಲಿ ಒಂದೊಂದನ್ನೇ ಮೇಜಿನ ಮೇಲೆ ಮಲಗಿಸಿ ನೋಡಿದ್ದೆನೇ ಹೊರತು ನಾಲ್ಕನ್ನೂ ಒಟ್ಟಿಗೆ, ನಿಲ್ಲಿಸಿ, ಹದಿನೈದು ಅಡಿ ದೂರದಿಂದ ಯಾವಾಗ ನೋಡಿದ್ದೆ? ನಮ್ಮ ಕೋಣೆಯೇ ಹತ್ತಡಿ.

ಅವತ್ತು ಸಂಜೆ ಎದುರಿಗಿನ ದೊಡ್ಡ ಮ್ಯೂಸಿಯಂ ಅಂಗಳಕ್ಕೆ ಹೋದೆ, ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಕುರ್ಲಾದ ಕಪ್ಪುಗಲ್ಲು ಮತ್ತು ಮಲಾಡಿನ ಹಳದಿ ಕಲ್ಲು ಸೇರಿಸಿ ಕಟ್ಟಿದ್ದು. ಆ ಕುರ್ಲಾ ಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ಮೇಲೆಲ್ಲ ಹರಿದು ಹೆಪ್ಪುಗಟ್ಟಿದ ಲಾವಾ. ವಿಜಯಪುರದ ಕಡೆಯ ನೆಲದ ಅಡಿಯಲ್ಲಿರೋದೂ ಅದೇ ಲಾವಾ, ಅದು ಸವೆದು ಪುಡಿಯಾಗಿಯೇ ಎರೆಮಣ್ಣು. ಅಂದರೆ ಅವ್ವನ ತವರಿನ ಹೊಲ ಇಲ್ಲಿ ಗೋಡೆಯಾಗಿ ನಿಂತಿತ್ತು ಅಂತ ಇಟ್ಟುಕೊಳ್ಳಿ. ಕೈ ಇಟ್ಟು ಹತ್ತಿರದಿಂದ ನೋಡಿದೆ. ಬೂದು, ಅದರೊಳಗೆ ಸ್ವಲ್ಪ ನೇರಳೆ, ಮೂಲೆ ಕಡೆ ಹಸಿರಿನ ಛಾಯೆ. ಕಂದು ಹುಡುಕಿದರೂ ಇಲ್ಲ. ಕಾವಲುಗಾರ ಎರಡು ಸಲ ಬಂದು ನೋಡಿ ಹೋದ, ಹುಚ್ಚಿ ಅಂದುಕೊಂಡಿರಬೇಕು.

ಈಗ ಮನೆಯಲ್ಲಿ ಮೇಜನ್ನು ಕಿಟಕಿಯ ಕಡೆ ಎಳೆದಿದ್ದೇನೆ, ಸಿಯೆನ್ನಾ ಟ್ಯೂಬು ಡ್ರಾಯರಿನಲ್ಲಿದೆ. ಅದಿಲ್ಲದೆ ಕೈ ಕಟ್ಟಿದ ಹಾಗೆ ಆಗುತ್ತಿದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ತಾಪತ್ರಯ ತೇವದ್ದು. ಡಿಸೆಂಬರಿನಲ್ಲೂ ಆ ಊರಿನ ಗಾಳಿಗೆ ಪಸೆ ಇರುತ್ತೆ. ಐದನೇ ದಿನಕ್ಕೆ ದೊಡ್ಡ ಜಲವರ್ಣದ ಕಾಗದ ಫ್ರೇಮಿನೊಳಗೆ ಹಪ್ಪಳದ ಹಾಗೆ ಅಲೆ ಅಲೆ ಎದ್ದಿತು. ಕಾಗದಕ್ಕೆ ಹಿಗ್ಗಲು ಜಾಗ ಬೇಕು, ಮೇಲಿನ ಅಂಚನ್ನಷ್ಟೇ ಅಂಟಿಸಿ ಕೆಳಗೆ ಬಿಡಬೇಕು. ನಮ್ಮದು ನಾಲ್ಕೂ ಕಡೆ ಟೇಪು. ಬಂದವರೊಬ್ಬರು ಅದನ್ನೇ ನೋಡಿ "ಉಬ್ಬುತಗ್ಗು ಚೆನ್ನಾಗಿ ತಂದಿದ್ದೀರಿ" ಅಂತ ಹಿಂದಿಯಲ್ಲಿ ಹೊಗಳಿದರು. ಥ್ಯಾಂಕ್ಸ್ ಹೇಳಿದೆ.

ವ್ಯಾಪಾರ? ಫ್ರೇಮಿನವು ಒಂದೂ ಹೋಗಲಿಲ್ಲ. ಚೀಲದಲ್ಲಿದ್ದ ಸ್ಕೆಚ್ ಪುಸ್ತಕದಿಂದ ಒಂದು ಹಾಳೆ, ಎತ್ತಿನ ಬೆನ್ನಿನದು, 3,500ಕ್ಕೆ ಹೋಯಿತು. ಬಾಡಿಗೆ, ರೈಲು, ಲಾಡ್ಜು, ಗಾಜು ಎಲ್ಲ ಸೇರಿಸಿ ಲೆಕ್ಕ ಹಾಕಬೇಡಿ, ನಾನೂ ಹಾಕಿಲ್ಲ.

ಕೊನೇ ದಿನ ಸಂಜೆ ಏಳಕ್ಕೆ ಇಳಿಸಲು ಶುರು ಮಾಡಿದೆವು. ಮುಂದಿನ ಗುಂಪಿನವರ ಡಬ್ಬಗಳು ಆಗಲೇ ಬಾಗಿಲೊಳಗೆ ಬಂದು ಕೂತಿದ್ದವು. ಪುಟ್ಟಿ ಹುಡುಗನೂ ಬಂದ. ನನ್ನ ಗೋಡೆಯಿಂದಲೇ ಹಿಡಿದ, ಮೊಳೆ ಕೀಳೋದು, ಪುಟ್ಟಿ ಒತ್ತೋದು, ಪಟ್ಟಿಯಿಂದ ಸವರೋದು, ಮುಂದಿನದು. "ಖರ್ಚಾದ್ವೇನ್ರಿ?" ಅಂದ. ಒಂದು ಅಂದೆ. "ಆಗ್ಲಿ ಬಿಡ್ರಿ" ಅಂದ. ನಾನು ಫ್ರೇಮುಗಳನ್ನು ಜೋಡಿಸಿ ನೆಲದ ಮೇಲೆ ಕೌದಿ ಹಾಸಿದೆ. ಅವನು ಪಟ್ಟಿ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಎರಡೂ ಕಡೆ ಒರೆಸಿಕೊಂಡು, ಕೌದಿಯ ಮೂಲೆ ಹಿಡಿದು ಮಗುಚಿದ.

"ಯಾರ್ ಹೊಲದಾರ್ರಿ?"

"ನಮ್ಮವ್ವ."

ಬೆರಳಿನಿಂದ ಹೊಲಿಗೆಯ ಒಂದು ಸಾಲು ಹಿಡಿದು ಆ ತುದಿಯವರೆಗೆ ಹೋದ. ಮತ್ತೊಂದು ಸಾಲಿನಲ್ಲಿ ವಾಪಸ್ ಬಂದ. ನನ್ನ ಚಿತ್ರಗಳ ಮುಂದೆ ಇಡೀ ವಾರದಲ್ಲಿ ಯಾರೂ ಅಷ್ಟು ಹೊತ್ತು ನಿಂತಿರಲಿಲ್ಲ. "ಹೊಲಿಗಿ ಭಾಳ ಸಣ್ಣ ಅದ" ಅಂತ ಎದ್ದು ಮತ್ತೆ ಗೋಡೆ ಕಡೆ ತಿರುಗಿದ.